ಮನೆಗೂ ಬಾಲ್ಕನಿಗೂ ಐಡಿಯಾ ಬೇಕಾ? ಹಸಿರು ಮೆಟ್ರೋ ಹತ್ತಿ

ಪ್ರಶ್ನೆ: ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ಮೆಟ್ರೋ ಹತ್ತಿರದ ಹೊಸ ಫ್ಲ್ಯಾಟಿಗೆ ಬಂದು ಮೂರು ತಿಂಗಳಾಯಿತು. ಏಳನೇ ಮಹಡಿ, ಎರಡು ಬೆಡ್‌ರೂಮು. ಬಿಲ್ಡರ್ ಹಾಕಿಸಿಕೊಟ್ಟ ಬಿಳಿ ಟೈಲ್ಸು, ಬಿಳಿ ಗೋಡೆ. ಹಾಲ್‌ಗೆ ಅಂಟಿಕೊಂಡು ಪಶ್ಚಿಮಕ್ಕೆ 4 ಅಡಿ ಅಗಲ, 10 ಅಡಿ ಉದ್ದದ ಬಾಲ್ಕನಿ. ಮನೆ ಚೆಂದ ಕಾಣಬೇಕು, ನಾಲ್ಕು ಗಿಡ ಇರಬೇಕು ಅಂತ ಆಸೆ. ಫೋನಿನಲ್ಲಿ ನೂರಾರು ಫೋಟೋ ಕೂಡಿಟ್ಟಿದ್ದೇನೆ, ನೋಡಿದಷ್ಟೂ ಗೊಂದಲ ಜಾಸ್ತಿ. ಕೈಯಲ್ಲಿರುವುದು 50 ಸಾವಿರ. ಶನಿವಾರ, ಭಾನುವಾರ ಮಾತ್ರ ಬಿಡುವು. ಅತ್ತೆಯವರಿಗೆ ತುಳಸಿ ಇರಲೇಬೇಕು. ಬೆಂಗಳೂರಿನಲ್ಲೇ ಕಣ್ಣಾರೆ ನೋಡಿ ಕಲಿಯುವಂಥ ಜಾಗ ಯಾವುದಿದೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ತಲಘಟ್ಟಪುರದ ಹತ್ತಿರ ಇದ್ದೀರಿ ಅಂತ ಓದಿ ಖುಷಿಯಾಯಿತು. ನಿಮ್ಮ ಮನೆ ಪಕ್ಕದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಆಮೇಲೆ ಮಲ್ಲೇಶ್ವರದ ಬಾಗಿಲಿನಂತಿರುವ ಸಂಪಿಗೆ ರಸ್ತೆ, ಎಲ್ಲಾ ಒಂದೇ ಗೆರೆಯಲ್ಲಿ ಬರುತ್ತವೆ. ಮನೆ ಮತ್ತು ಗಿಡದ ವಿಷಯದಲ್ಲಿ ಈ ಊರು ಕಲಿಸುವುದರಲ್ಲಿ ಮುಕ್ಕಾಲು ಪಾಲು ಈ ಸ್ಟೇಷನ್ನುಗಳ ಅಕ್ಕಪಕ್ಕದಲ್ಲೇ ಇದೆ. ಕಾರು ಬೇಡ, ಪಾರ್ಕಿಂಗ್ ತಲೆನೋವು ಬೇಡ.

ಆದರೆ ಮೊದಲ ಶನಿವಾರ ಎಲ್ಲಿಗೂ ಹೋಗಬೇಡಿ. ಮನೆಯಲ್ಲೇ ಇರಿ. ಒಂದು ಚಾಕ್ ಹಿಡಿದುಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ, ಮೂರಕ್ಕೆ, ಐದಕ್ಕೆ, ಬಾಲ್ಕನಿಯಲ್ಲಿ ಮತ್ತು ಹಾಲ್‌ನ ನೆಲದ ಮೇಲೆ ಬಿಸಿಲು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಗೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಫೋನಿನಲ್ಲಿ ಅದರದೊಂದು ಫೋಟೋ ತೆಗೆಯಿರಿ. ನೀವು ಕೂಡಿಟ್ಟ ನೂರಾರು ಫೋಟೋಗಳಿಗಿಂತ ಈ ಒಂದು ಫೋಟೋ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾಕೆಂದರೆ ಆ ಫೋಟೋಗಳಲ್ಲಿರುವ ಮನೆಗಳು ಬಹಳಷ್ಟು ಚಳಿ ದೇಶದವು. ಅಲ್ಲಿ ಬಿಸಿಲು ಒಳಗೆ ಬರಲಿ ಅಂತ ಬಿಳಿ ಬಳಿಯುತ್ತಾರೆ, ಕಿಟಕಿಗೆ ತೆಳು ಬಟ್ಟೆ ಹಾಕುತ್ತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಪಶ್ಚಿಮದ ಬಾಲ್ಕನಿಗೆ ಮಧ್ಯಾಹ್ನದ ಮೇಲೆ ಬೀಳುವ ಬಿಸಿಲು ಮಾರ್ಚ್‌ನಿಂದ ಮೇವರೆಗೆ ನಿಜಕ್ಕೂ ಸುಡುತ್ತದೆ. ಇಂಥ ಬಿಸಿಲನ್ನು ತಡೆದು, ಸೋಸಿ, ಬೇಕಾದಷ್ಟನ್ನೇ ಒಳಗೆ ಬಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ನಮ್ಮ ಮನೆಗಳ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಂಡ ಮನೆಗಳು ಈ ಊರಿನಲ್ಲಿ ಈಗಲೂ ಇವೆ. ಅವನ್ನು ನೋಡಿ ಬನ್ನಿ ಅನ್ನುವುದು ನನ್ನ ಮೊದಲ ಸಲಹೆ.

ಹಾಗಾಗಿ ಮರುದಿನ ಬೆಳಿಗ್ಗೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿಯಿರಿ. ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಸುಮ್ನೆ ಒಂದೂವರೆ ಗಂಟೆ ನಡೆಯಿರಿ. ಇನ್ನೊಂದು ವಾರ ಸಂಪಿಗೆ ರಸ್ತೆಯಲ್ಲಿ ಇಳಿದು ಮಲ್ಲೇಶ್ವರದಲ್ಲೂ ಹೀಗೇ ಮಾಡಿ. 1898ರ ಪ್ಲೇಗು ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ನೆಲೆಸಿದ ಬಡಾವಣೆಗಳು ಇವು. ಗಾಳಿ, ಬೆಳಕು ಬೇಕು ಅಂತಲೇ ಯೋಚಿಸಿ ಕಟ್ಟಿದ್ದು. ಹಳೇ ಮನೆಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ, ಅದು ನನಗೆ ತುಂಬಾ ನೋವಿನ ವಿಷಯ. ಆದರೂ ಇನ್ನೂ ಒಂದಷ್ಟು ಉಳಿದಿವೆ. ಕಿಟಕಿಯ ಮೇಲೆ ಚೂಪಾದ ಟೋಪಿಯ ಹಾಗೆ ಮರದ ಪಟ್ಟಿಗಳಿಂದ ಮಾಡಿದ ಮಾಡು ಕಂಡರೆ ಅದೇ ಮಂಕಿ ಟಾಪ್. ಅದರ ಕೆಳಗೆ ನಿಂತು ನೋಡಿ. ಬಿಸಿಲು ನೇರ ಗಾಜಿಗೆ ಬೀಳುವುದೇ ಇಲ್ಲ, ಪಟ್ಟಿಗಳ ನಡುವೆ ಹೋಳು ಹೋಳಾಗಿ ಇಳಿಯುತ್ತದೆ, ಗಾಳಿ ಮಾತ್ರ ಸಲೀಸಾಗಿ ಓಡಾಡುತ್ತದೆ. ನಿಮ್ಮ ಬಾಲ್ಕನಿಗೆ ಬೇಕಾಗಿರುವುದು ಇದೇ ಕೆಲಸ ಮಾಡುವ ಒಂದು ವಸ್ತು. ಏಳನೇ ಮಹಡಿಯಲ್ಲಿ ಮರದ ಮಾಡು ಕಟ್ಟಿಸಲು ಆಗುವುದಿಲ್ಲ. ಆದರೆ ಮೇದರ ಹತ್ತಿರ ಅಳತೆ ಕೊಟ್ಟು ಮಾಡಿಸಿದ, ಸುರುಳಿ ಸುತ್ತಿ ಏರಿಸಿ ಇಳಿಸಬಹುದಾದ ಬಿದಿರಿನ ಪರದೆ ಅದೇ ಕೆಲಸವನ್ನು ಮಾಡುತ್ತದೆ. ಗಾಳಿಗೆ ಬಡಿಯದ ಹಾಗೆ ಕೆಳಗಿನ ತುದಿಯನ್ನು ಗ್ರಿಲ್ಲಿಗೆ ಕಟ್ಟಲು ಎರಡು ಹಗ್ಗ ಬಿಡಿಸಿಕೊಳ್ಳಿ.

ಪರಿಚಯದವರ ಹಳೇ ಮನೆ ಯಾವುದಾದರೂ ಇದ್ದರೆ ಒಳಗೆ ಹೋಗಿ ನೆಲ ನೋಡಿ. ಕೆಂಪು ಗಾರೆ ನೆಲ, ಅಂದರೆ ಈಗ ಎಲ್ಲರೂ ರೆಡ್ ಆಕ್ಸೈಡ್ ಅನ್ನುತ್ತಾರಲ್ಲ, ಅದು. ಸಿಮೆಂಟಿಗೆ ಕೆಂಪು ಬಣ್ಣದ ಪುಡಿ ಕಲಸಿ, ಮೇಸ್ತ್ರಿ ಮಂಡಿಯೂರಿ ಕರಣಿಯಲ್ಲಿ ಉಜ್ಜಿ ಉಜ್ಜಿ ನಯ ಮಾಡಿದ ನೆಲ. ಗೋಡೆಯ ಅಂಚಿಗೆ ಬಹಳ ಕಡೆ ಒಂದು ಕಪ್ಪು ಪಟ್ಟಿ ಇರುತ್ತದೆ. ಓಡಾಡಿದ ದಾರಿಯಲ್ಲಿ ಬಣ್ಣ ಸ್ವಲ್ಪ ಕಡು, ಮೂಲೆಗಳಲ್ಲಿ ತಿಳಿ. ಎಣ್ಣೆ ಹಾಕಿ ಒರೆಸುತ್ತಿದ್ದ ಮನೆಗಳಲ್ಲಿ ಕಿಟಕಿಯ ಸರಳುಗಳ ನೆರಳು ಅದರ ಮೇಲೆ ನೀರಿನಲ್ಲಿ ಕಂಡ ಹಾಗೆ ಕಾಣುತ್ತದೆ. ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಿ. ತಂಪು ಗೊತ್ತಾಗುತ್ತದೆ. ಕಣ್ಣಿಗೂ ತಂಪು, ಅದು ಇನ್ನೂ ಮುಖ್ಯ. ಹಳಬರು ಗೋಡೆಗೆ ಸುಣ್ಣ ಬಳಿದು ಬೆಳಕು ಹರಡಿಸಿದರು, ನೆಲವನ್ನು ಕಡುಬಣ್ಣದಲ್ಲಿಟ್ಟು ಕಣ್ಣು ಕುಕ್ಕುವುದನ್ನು ತಡೆದರು. ನಿಮ್ಮ ಮನೆಯಲ್ಲಿ ಗೋಡೆಯೂ ಬಿಳಿ, ನೆಲವೂ ಬಿಳಿ. ಸಂಜೆ ನಾಲ್ಕಕ್ಕೆ ಹಾಲ್‌ನಲ್ಲಿ ಕೂರಲು ಕಿರಿಕಿರಿ ಆಗುತ್ತದೆ, ಅಲ್ವಾ? ನೀವು ಬರೆದಿಲ್ಲ, ಆದರೆ ಪಶ್ಚಿಮದ ಮನೆಯವರು ಬಹುತೇಕ ಎಲ್ಲರೂ ನನಗೆ ಹೇಳುವ ಮಾತು ಇದು.

ಹಾಗಂತ ಟೈಲ್ಸ್ ಕೀಳಿಸಬೇಡಿ. 50 ಸಾವಿರ ಅದಕ್ಕೇ ಸಾಲುವುದಿಲ್ಲ. ನೆಲದ ಮೇಲೆ ಏನಾದರೂ ಹಾಸಿ ಅಷ್ಟೇ. ಅದರ ಮಾತು ಮುಂದೆ ಬರುತ್ತದೆ.

ಒಂದು ವಿನಂತಿ. ಹೊರಗಿನಿಂದ ಮನೆ ನೋಡುವಾಗ ಗೇಟಿನ ಒಳಗೆ ಯಾರಾದರೂ ಕಂಡರೆ ಕೇಳಿಯೇ ಫೋಟೋ ತೆಗೆಯಿರಿ. ಕೇಳಿದರೆ ಬಹಳ ಜನ ಒಳಗೇ ಕರೆಯುತ್ತಾರೆ, ಕಾಫಿಯನ್ನೂ ಕೊಡುತ್ತಾರೆ, ಮನೆ ಕಟ್ಟಿಸಿದ ಅಜ್ಜನ ಕಥೆಯನ್ನೂ ಹೇಳುತ್ತಾರೆ.

ಅಲ್ಲಿಂದ ಗಾಂಧಿ ಬಜಾರಿಗೆ ಬನ್ನಿ. ಬಣ್ಣದ ವಿಷಯಕ್ಕೆ ನಾನು ಜನರನ್ನು ಪೇಂಟ್ ಅಂಗಡಿಗೆ ಮೊದಲು ಕಳಿಸುವುದಿಲ್ಲ, ಹೂವಿನ ಅಂಗಡಿಗೆ ಕಳಿಸುತ್ತೇನೆ. ಹೂ ಕಟ್ಟುವ ಹೆಂಗಸರ ಬುಟ್ಟಿಯ ಮುಂದೆ ಐದು ನಿಮಿಷ ನಿಲ್ಲಿ. ಕನಕಾಂಬರದ ನಡುವೆ ಮರುಗ ಸೇರಿಸಿ ಕಟ್ಟುತ್ತಾರೆ. ಮಲ್ಲಿಗೆಯ ಬಿಳಿ ಅಷ್ಟಗಲ, ನಡುವೆ ಒಂದೇ ಒಂದು ಎಳೆ ಕಿತ್ತಳೆ. ಬಣ್ಣಗಳ ಲೆಕ್ಕಾಚಾರ ಅದರಲ್ಲಿದೆ: ಜಾಸ್ತಿ ಇರುವುದು ತಣ್ಣನೆಯ ಬಣ್ಣ, ನಡುವೆ ಹಸಿರು, ಎದ್ದು ಕಾಣುವ ಬಣ್ಣ ಒಂದು ಚಿಟಿಕೆ. ನಿಮ್ಮದು ಹೇಗೂ ಬಿಳಿ ಮನೆ. ಮಲ್ಲಿಗೆ ದಂಡೆ ಈಗಾಗಲೇ ಕೈಯಲ್ಲಿದೆ. ಹಸಿರನ್ನು ಗಿಡಗಳು ಕೊಡುತ್ತವೆ. ಇನ್ನು ಬೇಕಿರುವುದು ಆ ಒಂದು ಕನಕಾಂಬರದ ಎಳೆ: ಎರಡು ದಿಂಬಿನ ಕವರು, ಒಂದು ಸಣ್ಣ ಗೋಡೆ, ಒಂದು ಕುರ್ಚಿ, ಇಷ್ಟರಲ್ಲಿ ಯಾವುದಾದರೂ ಒಂದೋ ಎರಡೋ. ನಿಮಗೆ ಕಿತ್ತಳೆ ಇಷ್ಟವಿಲ್ಲದಿದ್ದರೆ ಕಾಕಡದ ಜೊತೆ ಕೆಂಪು ಗುಲಾಬಿ ಇಟ್ಟಿರುವುದನ್ನು ನೋಡಿ, ನೀಲಿ ಆಸ್ಟರ್ ನೋಡಿ. ಇಷ್ಟವಾದದ್ದನ್ನು ಎರಡು ಮೊಳ ಕೊಂಡು ಮನೆಗೆ ತನ್ನಿ. ಹಾಲ್‌ನ ಗೋಡೆಯ ಮುಂದೆ ಹಿಡಿದು ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಾಕಿದ ಮೇಲೆ ಒಮ್ಮೆ ನೋಡಿ. ಬಣ್ಣದ ಕಾರ್ಡಿಗಿಂತ ಇದು ಸರಿಯಾಗಿ ಹೇಳುತ್ತದೆ. ಆಮೇಲೆ ದೇವರಿಗೆ ಏರಿಸಿ.

ಇನ್ನು ಲಾಲ್‌ಬಾಗ್. ಮೆಟ್ರೋ ಇಳಿದರೆ ಹತ್ತಿರವೇ ಪಶ್ಚಿಮ ದ್ವಾರ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್ ಮಾದರಿ ಇಟ್ಟುಕೊಂಡು ಕಟ್ಟಿದ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ವರ್ಷಕ್ಕೆ ಎರಡು ಸಲ, ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಎಲ್ಲರೂ ಗಾಜಿನ ಮನೆಯ ನಡುವಿನ ದೊಡ್ಡ ಹೂವಿನ ಮಾದರಿ ನೋಡಿ, ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ. ನೀವು ಅಂಚಿನ ಕಡೆ ಹೋಗಿ. ಕುಂಡಗಳ ಜೋಡಣೆ, ಬೋನ್ಸಾಯ್, ಜಪಾನಿನವರ ಹೂ ಜೋಡಣೆ ಇಕೆಬಾನಾ, ಇವೆಲ್ಲ ನಿಮ್ಮ ಮನೆಯ ಅಳತೆಯವು. ಎತ್ತರದ ಗಿಡ ಹಿಂದೆ, ಮಧ್ಯಮ ಎತ್ತರದ್ದು ನಡುವೆ, ಅಂಚಿನಲ್ಲಿ ಇಳಿಬೀಳುವ ಗಿಡ, ಹೀಗೆ ಮೂರೇ ಮೂರು ಮೆಟ್ಟಿಲಲ್ಲಿ ಹೇಗೆ ಜೋಡಿಸಿದ್ದಾರೆ ನೋಡಿ. ನಿಮ್ಮ 10 ಅಡಿ ಬಾಲ್ಕನಿಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಬೇಡ. ಸಾಧ್ಯವಾದರೆ ರಜೆ ಹಾಕಿ ವಾರದ ನಡುವೆ, ಬೆಳಿಗ್ಗೆ ಹೊತ್ತು ಹೋಗಿ. ಭಾನುವಾರದ ಜನಜಂಗುಳಿಯಲ್ಲಿ ಗಿಡ ಕಾಣುವುದೇ ಇಲ್ಲ.

ಪ್ರದರ್ಶನ ಇಲ್ಲದ ದಿನಗಳಲ್ಲೂ ಲಾಲ್‌ಬಾಗ್ ಕಲಿಸುತ್ತದೆ. ಮರದ ಬುಡದ ನೆರಳಿನಲ್ಲಿ ಯಾವ ಗಿಡ ಸುಖವಾಗಿದೆ, ಬಟಾಬಯಲಿನಲ್ಲಿ ಯಾವುದು ಹೂ ಬಿಟ್ಟಿದೆ ಅಂತ ಗುರುತು ಮಾಡಿಕೊಳ್ಳಿ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಈ ತೋಟವನ್ನು ನೋಡಿಕೊಂಡವರು. ಊರಿನ ರಸ್ತೆಗಳಲ್ಲಿ ಒಂದು ಮರದ ಹೂವಿನ ಕಾಲ ಮುಗಿಯುವಾಗ ಇನ್ನೊಂದರದ್ದು ಶುರುವಾಗಬೇಕು ಅನ್ನುವ ಯೋಚನೆ ಅವರದು. ಅದೇ ಯೋಚನೆಯನ್ನು ನಾನು ಬಾಲ್ಕನಿಗಳಿಗೂ ಬಳಸುತ್ತೇನೆ. ಎಲ್ಲಾ ಗಿಡ ಒಂದೇ ತಿಂಗಳು ಹೂ ಬಿಟ್ಟು ಆಮೇಲೆ ಒಟ್ಟಿಗೆ ಸುಮ್ಮನಾದರೆ ಬೇಜಾರು. ಬೇಸಿಗೆಗೆ ದುಂಡುಮಲ್ಲಿಗೆ ಮತ್ತು ಬೋಗನ್‌ವಿಲ್ಲಾ, ಚಳಿಗಾಲದ ಶುರುವಿಗೆ ಸೇವಂತಿಗೆ, ವರ್ಷಪೂರ್ತಿ ದಾಸವಾಳ ಮತ್ತು ನಿತ್ಯಪುಷ್ಪ. ಪಶ್ಚಿಮದ ಬಿಸಿಲಿಗೆ ಇವೆಲ್ಲ ಒಗ್ಗುತ್ತವೆ. ಕನಕಾಂಬರವೂ ಕುಂಡದಲ್ಲಿ ಚೆನ್ನಾಗಿ ಬರುತ್ತದೆ, ಪರದೆಯ ನೆರಳು ಬೀಳುವ ಕಡೆ ಇಡಿ. ಅಡುಗೆಗೆ ಕರಿಬೇವು, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು. ಜರೀಗಿಡ, ಬ್ರಹ್ಮಕಮಲ ಇವೆರಡನ್ನು ಆ ಬಾಲ್ಕನಿಗೆ ತರಬೇಡಿ, ಸುಟ್ಟುಹೋಗುತ್ತವೆ.

ಗಿಡ ಕೊಳ್ಳುವ ವಿಷಯದಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರ ಮನೆಗೆ ಒಂದೇ ನರ್ಸರಿಯಿಂದ ಒಂದೇ ದಿನ 22 ಗಿಡ ತಂದೆ. ಅಂದೇ ಕುಂಡ ಬದಲಿಸಿ, ಅಂದೇ ಬಿಸಿಲಿನಲ್ಲಿ ಸಾಲಾಗಿ ಇಟ್ಟೆವು. ಅವತ್ತು ಸಂಜೆ ತುಂಬಾ ಚೆಂದ ಕಾಣುತ್ತಿತ್ತು. ತಿಂಗಳೊಳಗೆ 9 ಗಿಡ ಸತ್ತವು. ಮನೆಯ ಅಜ್ಜಿ ಒಂದೊಂದೇ ಒಣಗಿದ ಗಿಡವನ್ನು ಕಿತ್ತು ಪಕ್ಕಕ್ಕೆ ಇಡುತ್ತಿದ್ದದ್ದು ಈಗಲೂ ಕಣ್ಣ ಮುಂದೆ ಇದೆ. ಆ ಗಿಡಗಳು ಹಸಿರು ನೆಟ್ಟಿನ ನೆರಳಲ್ಲಿ ಬೆಳೆದವು. ಅವಕ್ಕೆ ಜಾಗವೂ ಹೊಸದು, ಬಿಸಿಲೂ ಹೊಸದು, ಬೇರಿಗೆ ಪೆಟ್ಟು ಬೇರೆ. ಅವತ್ತಿನಿಂದ ನನ್ನ ನಿಯಮ ಇದು: ಒಂದು ಸಲಕ್ಕೆ ನಾಲ್ಕೈದು ಗಿಡ ಮಾತ್ರ, ತಂದ ಮೇಲೆ ಹತ್ತು ದಿನ ಅದೇ ಕವರಿನಲ್ಲಿ ಅರೆನೆರಳಿನಲ್ಲಿ, ದಿನಾ ಸ್ವಲ್ಪ ಸ್ವಲ್ಪ ಬಿಸಿಲು ಕಡೆಗೆ, ಆಮೇಲೆ ಕುಂಡಕ್ಕೆ. ಕೊಳ್ಳುವಾಗ ಎಲೆಯ ಹಿಂಭಾಗ ಮಗುಚಿ ನೋಡಿ. ಬಿಳಿ ಹತ್ತಿಯಂಥದ್ದು ಅಂಟಿದ್ದರೆ ಅದು ಹಿಟ್ಟು ತಿಗಣೆ, ಬೇಡವೇ ಬೇಡ. ಒಂದು ಗಿಡಕ್ಕೆ ಬಂದರೆ ಬಾಲ್ಕನಿಗೆಲ್ಲ ಹಬ್ಬುತ್ತದೆ. ಪೂರ್ತಿ ಅರಳಿದ ಗಿಡಕ್ಕಿಂತ ಮೊಗ್ಗು ಇರುವ ಗಿಡ ತೆಗೆದುಕೊಳ್ಳಿ. ಲಾಲ್‌ಬಾಗ್ ಒಳಗೇ ನರ್ಸರಿಯವರ ಸಹಕಾರ ಸಂಘದ ಮಾರಾಟ ಇದೆ, ಶುರುವಿಗೆ ಅದು ಸಾಕು. ಬೀಜಕ್ಕೆ, ಹದ ಮಾಡಿದ ತೆಂಗಿನ ನಾರಿನ ಪುಡಿ ಅಂದರೆ ಕೊಕೊಪಿಟ್‌ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಳ್ಳೆಯದು. ಅವರ ತಳಿ, ಉತ್ಪನ್ನಗಳಿಗೆ ಅರ್ಕಾ ಅನ್ನುವ ಹೆಸರಿರುತ್ತದೆ. ಕೆಂಪು ಮಣ್ಣು, ಕೊಕೊಪಿಟ್, ಗೊಬ್ಬರ, ಮೂರೂ ಸಮಪಾಲು, ಮೇಲೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಬರೀ ಕೆಂಪು ಮಣ್ಣು ತುಂಬಿದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಭಾರವೂ ಜಾಸ್ತಿ. ಏಳನೇ ಮಹಡಿಯಲ್ಲಿ ಭಾರ ಮುಖ್ಯ. ದೊಡ್ಡ ಕುಂಡಗಳನ್ನು ಮನೆಯ ಗೋಡೆಗೆ ಒತ್ತಿ ಇಡಿ, ಹೊರ ಅಂಚಿಗೆ ಬೇಡ. ಗ್ರಿಲ್ಲಿನ ಹೊರಗಡೆ ಕುಂಡ ತೂಗುಹಾಕುವುದಂತೂ ಖಂಡಿತ ಬೇಡ, ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಕುಂಡ ಮಣ್ಣಿನದ್ದೇ ಇರಲಿ. ಇದಕ್ಕೆ ಮಾತ್ರ ಹಸಿರು ಮಾರ್ಗ ಬಿಟ್ಟು ಕಂಟೋನ್ಮೆಂಟ್ ಕಡೆಯ ಪಾಟರಿ ಟೌನ್‌ಗೆ ಹೋಗಿ. ಊರ ನಡುವೆ ಇನ್ನೂ ಕುಂಬಾರರ ತಿಗರಿ ತಿರುಗುವ ಜಾಗ ಅದು. ಗಣೇಶನ ಹಬ್ಬಕ್ಕೆ ಮುಂಚೆ ಹೋದರೆ ಬೀದಿಯಲ್ಲೆಲ್ಲ ಒಣಗಲು ಇಟ್ಟ ಗಣಪಗಳು, ದೀಪಾವಳಿ ಹೊತ್ತಿಗೆ ಹಣತೆಗಳು. ಕುಂಡವನ್ನು ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯ ಬೆರಳಿನ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಚೆನ್ನಾಗಿ ಬೆಂದಿದೆ. ದಬ್ ಅಂದರೆ ಎಲ್ಲೋ ಬಿರುಕು ಇದೆ ಅಥವಾ ಸರಿಯಾಗಿ ಬೆಂದಿಲ್ಲ. ಮನೆಗೆ ತಂದು ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ನೀವು ಹಾಕಿದ ಮೊದಲ ನೀರನ್ನೆಲ್ಲ ಕುಂಡವೇ ಕುಡಿಯುತ್ತದೆ. ಬೋರ್‌ವೆಲ್ ನೀರಿಗೆ ಕೆಲವು ತಿಂಗಳಲ್ಲಿ ಹೊರಗೆ ಬಿಳಿ ಕಲೆ ಕಟ್ಟುತ್ತದೆ. ನನಗೆ ಅದು ಚೆಂದವೇ. ಬೇಡವಾದರೆ ವಿನೆಗರ್ ಹಚ್ಚಿ ನಾರಿನಿಂದ ಉಜ್ಜಿ.

ಪೇಟೆಗೆ ಶನಿವಾರ ಹೋಗಿ. ಭಾನುವಾರ ಚಿಕ್ಕಪೇಟೆ ಸುತ್ತಿನ ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ, ಸುಮ್ನೆ ಹೋಗಿ ವಾಪಸ್ ಬರಬೇಕಾಗುತ್ತದೆ. ಇಲ್ಲಿ ನಿಮಗೆ ಮೂರು ಕೆಲಸ.

ಒಂದು, ದೀಪ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಸಾಲು ಸಾಲು ಲೈಟಿನ ಅಂಗಡಿಗಳು. ನಿಮ್ಮ ಮನೆಯಲ್ಲಿ ಬಿಲ್ಡರ್ ಹಾಕಿದ ಲೈಟು 6500 ಕೆಲ್ವಿನ್‌ನದ್ದೇ ಇರಬೇಕು, ಡಬ್ಬದ ಮೇಲೆ ಕೂಲ್ ಡೇಲೈಟ್ ಅಂತ ಬರೆದಿರುತ್ತದೆ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ. ಬಿಳಿ ಟೈಲ್ಸಿನ ಮೇಲೆ ಆ ನೀಲಿ ಬೆಳಕು ಬಿದ್ದರೆ ಯಾವ ಮನೆಯೂ ಆಸ್ಪತ್ರೆಯ ಹಾಗೇ ಕಾಣುವುದು. ಹಾಲ್‌ಗೆ ಮತ್ತು ಬೆಡ್‌ರೂಮಿಗೆ 2700 ಅಥವಾ 3000 ಕೆಲ್ವಿನ್‌ನ ಬಲ್ಬು ಹಾಕಿ, ಅಂದರೆ ವಾರ್ಮ್ ವೈಟ್. ಅಡುಗೆಮನೆಗೆ 4000 ಸರಿ. ಚಾವಣಿಯ ನಡುವಿನ ಒಂದೇ ದೊಡ್ಡ ಲೈಟಿನ ಬದಲು ಕೂರುವ ಜಾಗದ ಪಕ್ಕ ಒಂದು, ಮೂಲೆಯಲ್ಲಿ ಒಂದು ಸಣ್ಣ ದೀಪ ಇರಲಿ. 50 ಸಾವಿರದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಜಾಸ್ತಿ ಬದಲಾವಣೆ ಕಾಣುವುದು ಇದರಲ್ಲೇ. ಬೇರೆ ಏನೂ ಮಾಡದಿದ್ದರೂ ಇದನ್ನು ಮಾಡಿ.

ಎರಡು, ಪರದೆ ಬಟ್ಟೆ. ಅಂಗಡಿಯೊಳಗಿನ ಲೈಟಿನಲ್ಲಿ ಬಟ್ಟೆ ನೋಡಿ ತೀರ್ಮಾನ ಮಾಡಬೇಡಿ. ಥಾನನ್ನು ಬಾಗಿಲವರೆಗೆ ತರಿಸಿ, ಒಂದು ಮೀಟರ್ ಬಿಚ್ಚಿಸಿ, ಬಿಸಿಲಿಗೆ ಎದುರಾಗಿ ಎರಡೂ ಕೈಯಲ್ಲಿ ಎತ್ತಿ ಹಿಡಿಯಿರಿ. ಬೆಳಕು ಬಟ್ಟೆಯೊಳಗಿಂದ ಹೇಗೆ ಬರುತ್ತದೆ ನೋಡಿ. ಬಟ್ಟೆಯ ಬಣ್ಣವೇ ನಿಮ್ಮ ಹಾಲ್‌ನ ಸಂಜೆಯ ಬಣ್ಣ ಆಗುತ್ತದೆ ಅನ್ನುವುದು ನೆನಪಿರಲಿ. ನೀಲಿ ಬಟ್ಟೆ ಹಾಕಿದರೆ ಮನೆಯವರ ಮುಖವೆಲ್ಲ ಬಾಡಿದ ಹಾಗೆ ಕಾಣುತ್ತದೆ. ಕಚ್ಚಾ ಹತ್ತಿಯ ಬಣ್ಣ, ತಿಳಿ ಕಂದು, ಗಂಧದ ಬಣ್ಣ ಪಶ್ಚಿಮದ ಕಿಟಕಿಗೆ ಹೊಂದುತ್ತವೆ. ಕಿಟಕಿಯ ಅಗಲಕ್ಕೆ ಎರಡರಷ್ಟು ಬಟ್ಟೆ ತೆಗೆದುಕೊಳ್ಳಿ, ನೆರಿಗೆ ಚೆನ್ನಾಗಿ ಬೀಳುತ್ತದೆ. ಹತ್ತಿ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ, ಹೊಲಿಸುವ ಮುಂಚೆ ಒಮ್ಮೆ ನೆನೆಸಿ ಒಣಗಿಸಿ.

ಮೂರು, ಹಿತ್ತಾಳೆ. ದೊಡ್ಡ ಮಾಲ್‌ಗಳಲ್ಲಿ ಅಲಂಕಾರದ ವಸ್ತು ಅಂತ ಮಾರುವ ಉರುಳಿ, ಚೊಂಬು, ದೀಪ ಪೇಟೆಯ ಪಾತ್ರೆ ಅಂಗಡಿಗಳಲ್ಲಿ ತೂಕಕ್ಕೆ ಸಿಗುತ್ತವೆ. ಕೈಯಲ್ಲಿ ಹಿಡಿದು ಭಾರ ನೋಡಿ. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಬಣ್ಣ ಕೊಟ್ಟಿದ್ದು. ಅದಕ್ಕೂ ಮುಂಚೆ ಅತ್ತೆಯವರನ್ನು ಕೇಳಿ. ಊರಿನ ಅಟ್ಟದ ಮೇಲೆ ಒಂದು ತಪ್ಪಲೆಯೋ ಕೊಳಗವೋ ಖಂಡಿತ ಇರುತ್ತದೆ. ಹುಣಸೆಹಣ್ಣು ಹಾಕಿ ಬೆಳಗಿ ಹಾಲ್‌ನ ಮೂಲೆಯಲ್ಲಿಟ್ಟು ಅದರೊಳಗೆ ಮನಿ ಪ್ಲಾಂಟ್ ಕುಂಡ ಇಳಿಸಿದರೆ ಅಂಗಡಿಯ ಯಾವ ವಸ್ತುವೂ ಅದಕ್ಕೆ ಸಮ ಅಲ್ಲ. ಉರುಳಿಯಲ್ಲಿ ನೀರು ತುಂಬಿ ಹೂ ತೇಲಿಬಿಡುವುದಾದರೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ಬೇರೆ ತುಂಬಿ. ಈ ಊರಿನಲ್ಲಿ ಡೆಂಗಿ ಭಯ ಇದ್ದೇ ಇದೆ.

ಭಾನುವಾರ ಬೆಳಿಗ್ಗೆ ಬೇಗ ಎದ್ದರೆ ಕೆ.ಆರ್. ಮಾರ್ಕೆಟ್ ಹತ್ತಿರದ ಸಂಡೇ ಬಜಾರ್ ನೋಡಿ. ಮುಚ್ಚಿದ ಅಂಗಡಿಗಳ ಮುಂದೆ ಹರಡುವ ಹಳೇ ಸಾಮಾನಿನ ಸಂತೆ ಅದು. ಹಳೇ ಬಾಗಿಲಿನ ಹಿಡಿ, ಚಿಲಕ, ಲಾಂದ್ರ, ಪಿಂಗಾಣಿ ತಟ್ಟೆ ಕಣ್ಣಿಗೆ ಬೀಳುತ್ತವೆ. ಕೊಳ್ಳಲೇಬೇಕು ಅಂತ ಹೋಗಬೇಡಿ. ಕರೆಂಟಿನ ಸಾಮಾನು ಮುಟ್ಟಬೇಡಿ. ಅದೇ ಬೆಳಿಗ್ಗೆ ಮಾರ್ಕೆಟ್ ಕಟ್ಟಡದ ಮೇಲಿನ ಮಹಡಿಯಿಂದ ಕೆಳಗಿನ ಹೂವಿನ ರಾಶಿಗಳನ್ನು ಒಮ್ಮೆ ನೋಡಿ ಬನ್ನಿ, ಅಷ್ಟೇ.

ನೆಲಕ್ಕೆ ಹಾಸುವ ಮಾತು ಹೇಳಿದ್ದೆ. ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂ ರಾಜ್ಯ ಕರಕುಶಲ ನಿಗಮದ್ದು. ಒಂದೇ ಸೂರಿನಡಿ ನಮ್ಮ ರಾಜ್ಯದ ಕೈಕೆಲಸ ಹೇಗಿದೆ ಅಂತ ನೋಡಲು ಅಲ್ಲಿಗೆ ಹೋಗಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಆವರಣದಲ್ಲೂ ಆಗಾಗ ಕರಕುಶಲ ಮೇಳ ನಡೆಯುತ್ತದೆ, ಅಲ್ಲಿ ಮಾಡುವವರೇ ಬಂದು ಕೂತಿರುತ್ತಾರೆ, ಮಾತಾಡಬಹುದು. ನಾನು ನಿಮಗೆ ಹುಡುಕಲು ಹೇಳುವುದು ನವಲಗುಂದದ ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಹತ್ತಿಯ ಹಾಸು. ನವಿಲು, ಪಗಡೆಯ ಚೌಕ, ಗಟ್ಟಿ ಕೆಂಪು, ಹಳದಿ, ಕಪ್ಪು. ಮಡಚಿ ಹಿಡಿದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ. ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದ್ದರೂ ನೇಯುವವರು ಈಗ ಬೆರಳೆಣಿಕೆಯಷ್ಟು ಜನ, ಹಾಗಾಗಿ ಸಿಕ್ಕಾಗ ಚೌಕಾಸಿ ಮಾಡದೆ ಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ನಿಮ್ಮ ಬಿಳಿ ನೆಲದ ಮೇಲೆ ಅದೊಂದು ಹಾಸಿದರೆ ಕೆಂಪು ಗಾರೆ ನೆಲ ಮಾಡುತ್ತಿದ್ದ ಕೆಲಸದ ಅರ್ಧ ಆಯಿತು. ಐದು ಗಂಟೆಯ ಚಾಕ್ ಗೆರೆ ಇದೆಯಲ್ಲ, ಅದನ್ನು ದಾಟಿ ಹಾಲ್‌ನ ಒಳಭಾಗದಲ್ಲಿ ಹಾಸಿ. ಗೆರೆಯಿಂದ ಬಾಲ್ಕನಿ ಕಡೆಗೆ ದಿನಾ ಬಿಸಿಲು ಬೀಳುತ್ತದೆ, ಬಣ್ಣ ಮಾಸುತ್ತದೆ. ಆ ಜಾಗಕ್ಕೆ ಸಾದಾ ಚಾಪೆ ಸಾಕು.

ಮೊದಲು ಹೇಳಿದ ಕನಕಾಂಬರದ ಎಳೆಗೆ ಗುಳೇದಗುಡ್ಡದ ಖಣದ ದಿಂಬಿನ ಕವರು ಹೊಲಿಸಿ. ರವಿಕೆ ಬಟ್ಟೆಯೇ, ಆದರೆ ಸೋಫಾ ಮೇಲೆ ಎಷ್ಟು ಲಕ್ಷಣವಾಗಿ ಕಾಣುತ್ತದೆ ಅಂತ ಹಾಕಿದ ಮೇಲೇ ಗೊತ್ತಾಗುವುದು. ಎರಡು ಸಾಕು. ಬೀರು, ಡ್ರಾಯರ್‌ಗಳ ಹಿಡಿ ಬದಲಿಸುವ ಮನಸ್ಸಿದ್ದರೆ 60 ಕಿಲೋಮೀಟರ್ ದೂರದ ಚನ್ನಪಟ್ಟಣಕ್ಕೆ ಒಂದು ದಿನ ಮಗುವಿದ್ದರೆ ಮಗುವನ್ನೂ ಕರೆದುಕೊಂಡು ಹೋಗಿ. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಹತ್ತಿಕೊಳ್ಳುತ್ತದೆ. ಬೊಂಬೆ ಮಾಡುವ ಅದೇ ಕೈಯಲ್ಲಿ ನೀವು ಕೇಳಿದ ಅಳತೆಯ ಹಿಡಿಗಳನ್ನೂ ಮಾಡಿಕೊಡುತ್ತಾರೆ.

ಗೋಡೆಗೆ ಈಗಲೇ ಏನೂ ತರಬೇಡಿ. ಖಾಲಿ ಇರಲಿ. ಪ್ರತಿ ವರ್ಷ ಜನವರಿಯಲ್ಲಿ ಒಂದು ಭಾನುವಾರ ಅದೇ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಾರೆ. ಕುಮಾರಕೃಪಾ ರಸ್ತೆಯ ಎರಡೂ ಬದಿಯಲ್ಲಿ ಕಲಾವಿದರೇ ಚಿತ್ರ ಹಿಡಿದು ಕೂತಿರುತ್ತಾರೆ. ಕೆಲವು ನೂರು ರೂಪಾಯಿಯಿಂದ ಶುರುವಾಗುತ್ತದೆ. ಅಚ್ಚು ಹಾಕಿದ ಪೋಸ್ಟರಿಗಿಂತ ಒಬ್ಬರ ಕೈಯಿಂದ ನೇರ ಕೊಂಡ ಸಣ್ಣ ಚಿತ್ರ ಮೇಲು. ನೇತು ಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಐದು ಅಡಿ ಒಳಗೇ ಇರಲಿ. ನಮ್ಮ ಮನೆಗಳಲ್ಲಿ ಎಲ್ಲವನ್ನೂ ಚಾವಣಿಗೆ ತಾಗಿಸಿ ಹಾಕುವ ಅಭ್ಯಾಸ ಇದೆ, ಕತ್ತು ನೋಯುತ್ತದೆ.

ದುಡ್ಡಿನ ಲೆಕ್ಕ ನಾನು ಹೀಗೆ ಹಾಕುತ್ತೇನೆ: ಮೊದಲು ದೀಪ ಮತ್ತು ಬಿದಿರಿನ ಪರದೆ, ಆಮೇಲೆ ಕಿಟಕಿಯ ಬಟ್ಟೆ, ಆಮೇಲೆ ಜಮಖಾನ, ಗಿಡಗಳು ತಿಂಗಳಿಗೆ ನಾಲ್ಕರಂತೆ ಆರು ತಿಂಗಳು. 10 ಸಾವಿರ ಕೈಯಲ್ಲೇ ಇಟ್ಟುಕೊಳ್ಳಿ, ಎಲ್ಲೋ ಸುತ್ತುವಾಗ ಮನಸ್ಸಿಗೆ ಹಿಡಿಸುವ ಒಂದು ವಸ್ತು ಸಿಕ್ಕೇ ಸಿಗುತ್ತದೆ.

ಕೊನೆಗೆ ಅತ್ತೆಯವರ ತುಳಸಿ. ಜಾಗವನ್ನು ಮೊದಲು ಅದಕ್ಕೇ ಬಿಡಿ, ಉಳಿದ ಗಿಡಗಳು ಆಮೇಲೆ. ತುಳಸಿಗೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು, ನಿಮ್ಮ ಬಾಲ್ಕನಿಯಲ್ಲಿ ಅದಕ್ಕೆ ಕೊರತೆ ಇಲ್ಲ. ಹೂವಿನ ತೆನೆ ಬಂದ ಹಾಗೆ ಚಿವುಟುತ್ತಿದ್ದರೆ ಗಿಡ ಪೊದೆಯಾಗಿ ಬೆಳೆಯುತ್ತದೆ, ಬಿಟ್ಟರೆ ಬೀಜ ಕಟ್ಟಿ ಒಣಗುತ್ತದೆ. ಚಿವುಟಿದ್ದು ಪೂಜೆಗೂ ಆಯಿತು. ನಿಮ್ಮ ಬಾಲ್ಕನಿ 4 ಅಡಿ ಅಗಲ. ಒಂದು ಅಡಿ ಅಗಲದ ಕುಂಡವನ್ನು ನಡುವೆ ಇಟ್ಟರೆ ಎರಡೂ ಕಡೆ ಒಂದೂವರೆ ಅಡಿ ಉಳಿಯುತ್ತದೆ, ಪ್ರದಕ್ಷಿಣೆ ಹಾಕಲು ಸರಿಯಾಗಿ ಸಾಕು. ಕುಂಡ ತರುವ ಮುಂಚೆ ಅದೇ ಚಾಕ್‌ನಲ್ಲಿ ನೆಲದ ಮೇಲೆ ಒಂದು ಅಡಿಯ ವೃತ್ತ ಬರೆದು, ಸೆರಗು ಗ್ರಿಲ್ಲಿಗೆ ಸಿಕ್ಕದ ಹಾಗೆ ಸುತ್ತಲು ಆಗುತ್ತದಾ ಅಂತ ಅತ್ತೆಯವರಿಂದಲೇ ಒಮ್ಮೆ ನೋಡಿಸಿ.